ವಖಾರಿಯ ಹುಡುಗಿಯರ ಸುಖವನ್ನು ಅಳೆದದ್ದು

ಕಳೆದ ತಿಂಗಳು ಮರಿಮೊಮ್ಮಗಳ ಶಾಲೆಯಲ್ಲಿ ಏನೋ ಸಮಾರಂಭವೆಂದು ಬೈರಿದೇವರಕೊಪ್ಪಕ್ಕೆ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಎಂಬತ್ತು ದಾಟಿದ ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಕೈಗೊಂದು ನೀರಿನ ಬಾಟಲಿ ಕೊಟ್ಟು ಮರೆತುಬಿಟ್ಟರು. ಹಾಗಾಗಿ ಎಲ್ಲವನ್ನೂ ಚೆನ್ನಾಗಿ ನೋಡಿದೆ. ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಒಬ್ಬ ತರುಣಿ ಮಕ್ಕಳಿಗೆಲ್ಲ ಒಂದೊಂದು ಹಾಳೆ ಹಂಚಿದಳು. ಹಾಳೆಯ ಮೇಲೆ ಐದು ಹಳದಿ ಮುಖಗಳು. ಮೊದಲನೆಯದು ಹಲ್ಲು ಕಿರಿಯುತ್ತಿತ್ತು, ಕೊನೆಯದು ಅಳುತ್ತಿತ್ತು. ನಿಮ್ಮ ಮನಸ್ಸು ಇವತ್ತು ಯಾವ ಮುಖದಂತಿದೆಯೋ ಅದಕ್ಕೆ ಗುರುತು ಹಾಕಿ ಎಂದಳು. ನಮ್ಮ ಹುಡುಗಿ ಹಾಳೆಯನ್ನು ಸರಿಯಾಗಿ ನೋಡದೆಯೇ ಹಲ್ಲುಕಿರಿಯುವ ಮುಖಕ್ಕೆ ಗುರುತು ಹಾಕಿ ಕೊಟ್ಟು ಬಂದಳು.

"ಏನವಾ, ಅಷ್ಟು ಖುಷಿ ಅದೀಯೇನ?" ಎಂದು ಕೇಳಿದೆ.

"ಅಳೂ ಮಾರಿಗೆ ಹಾಕಿದ್ರ ಮನಿಗೆ ಫೋನ್ ಮಾಡ್ತಾರ ಅಜ್ಜಿ. ಯಾರಿಗೆ ಬೇಕು ಆ ರಗಳಿ!"

ಭಲೆ ಹುಡುಗಿ ಎಂದು ನಕ್ಕೆ. ನಗು ಮುಗಿಯುವಷ್ಟರಲ್ಲಿ ಸಿಟ್ಟು ಬಂತು. ಹಳೆಯ ಸಿಟ್ಟು. ಇಷ್ಟು ವರ್ಷವಾದರೂ ಆರದೆ ಕೂತಿದೆ, ಹಾಳಾದದ್ದು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಧಾರವಾಡದಲ್ಲಿ ಮನಶ್ಶಾಸ್ತ್ರದ ಪದವಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಮನೆಯಲ್ಲಿ ಕೂತ ಹುಡುಗಿಗೆ ವರ ಹುಡುಕುತ್ತಾರೆ, ಕೆಲಸಕ್ಕೆ ಹೋಗುವವಳಿಗೂ ಹುಡುಕುತ್ತಾರೆ, ಆದರೆ ಸ್ವಲ್ಪ ನಿಧಾನಕ್ಕೆ ಹುಡುಕುತ್ತಾರೆ ಎಂಬ ಲೆಕ್ಕದಲ್ಲಿ ನಮ್ಮ ಪ್ರೊಫೆಸರ್ ಸಾಹೇಬರ ಬಳಿ ಸಹಾಯಕಿಯಾಗಿ ಸೇರಿಕೊಂಡೆ. ಸಾಹೇಬರು ಅಮೆರಿಕದಲ್ಲಿ ಎರಡು ವರ್ಷ ಇದ್ದು ಬಂದಿದ್ದರು. ಅಲ್ಲಿಂದ ಒಂದು ಪೈಪು, ಒಂದು ಉಣ್ಣೆಯ ಕೋಟು, ಒಂದು ಪ್ರಶ್ನಾವಳಿ ತಂದಿದ್ದರು. ಪೈಪು ಯಾವಾಗಲೂ ಆರಿಯೇ ಇರುತ್ತಿತ್ತು. ಕೋಟನ್ನು ನಮ್ಮ ಚೈತ್ರದ ಬಿಸಿಲಿನಲ್ಲೂ ಬಿಚ್ಚುತ್ತಿರಲಿಲ್ಲ. ಪ್ರಶ್ನಾವಳಿಯಂತೂ ಅವರಿಗೆ ಪ್ರಾಣ. ಹದಿಹರೆಯದ ಮಕ್ಕಳ ಮನಸ್ಸು ಎಷ್ಟು ಕ್ಷೇಮವಾಗಿದೆ ಎಂದು ಅದರಿಂದ ಅಳೆಯಬಹುದಂತೆ, ಸಂತೆಯಲ್ಲಿ ಬೆಲ್ಲ ತೂಗಿದ ಹಾಗೆ. ಯಾವ ಜಾತಿಯಾಗಲಿ, ಯಾವ ಊರಾಗಲಿ, ತಕ್ಕಡಿ ಒಂದೇ.

ಕನ್ನಡಕ್ಕೆ ತಂದದ್ದು ಅವರೇ. 'ರಜಾದಿನಗಳಲ್ಲಿ ಸಮುದ್ರತೀರಕ್ಕೆ ಹೋದಾಗ ನೀನು ಉಲ್ಲಸಿತನಾಗಿರುತ್ತೀಯಾ?' 'ನಿನ್ನ ಸ್ವಂತ ಕೋಣೆಯಲ್ಲಿ ಒಬ್ಬನೇ ಇರುವಾಗ ನಿನಗೆ ಭಯವೆನಿಸುವುದೇ?' ಸ್ವಂತ ಕೋಣೆ ಎನ್ನುವುದು ನಮ್ಮ ಮನೆಯಲ್ಲಿ ದೇವರೊಬ್ಬನಿಗೆ ಇತ್ತು. ಅದನ್ನು ಹೇಳಿದೆ. "ನೀವು ವಿಜ್ಞಾನವನ್ನು ಹಾಸ್ಯ ಮಾಡಬಾರದು, ಮಿಸ್ ವತ್ಸಲಾ" ಎಂದರು ಸಾಹೇಬರು. ಅವರು ಮನೆಯಲ್ಲಿ ಹೆಂಡತಿಯ ಜೊತೆಗೂ ಹೀಗೆ ಪುಸ್ತಕದ ಕನ್ನಡವನ್ನೇ ಮಾತಾಡುತ್ತಾರೆಂದು ಸುದ್ದಿ ಇತ್ತು. ಪಾಪ, ಆ ಹೆಂಗಸಿನ ಕ್ಷೇಮವನ್ನು ಯಾರು ಅಳೆಯಬೇಕು?

ಇದೆಲ್ಲ ಬರಿಯ ಪಾಂಡಿತ್ಯದ ಆಟವಾಗಿದ್ದರೆ ನನಗೇನು, ಆಡಿಕೊಳ್ಳಲಿ ಎಂದು ಬಿಡುತ್ತಿದ್ದೆ. ಆದರೆ ಅದಕ್ಕೊಂದು ಗಂಟು ಬಿದ್ದಿತ್ತು. ಹುಬ್ಬಳ್ಳಿಯ ಒಂದು ಉಚಿತ ವಸತಿಗೃಹದ ಹುಡುಗಿಯರು ಹಳೆಯ ಅರಳಿ ವಖಾರಿಯಲ್ಲಿ ಮಲಗುತ್ತಿದ್ದರು. ನಮ್ಮ ಕಡೆ ಹತ್ತಿಗೆ ಅರಳಿ ಎನ್ನುತ್ತೇವೆ, ಗೋದಾಮಿಗೆ ವಖಾರಿ. ಅವರಿಗೆ ಬೇರೆ ಕಟ್ಟಡ ಕೊಡಬೇಕೋ ಬೇಡವೋ ಎಂದು ನಿರ್ಧರಿಸಲು ಸರ್ಕಾರ ಒಂದು ಸಮಿತಿ ಮಾಡಿತ್ತು. ಕೊಡುವುದಾದರೆ ಖಾಲಿ ಬಿದ್ದಿದ್ದ ಒಂದು ಸರ್ಕಾರಿ ಬಂಗಲೆಗೆ ಕೂಡಲೇ ಕಳಿಸಬಹುದಿತ್ತು. ಸಮಿತಿಯವರು ನಮ್ಮ ಸಾಹೇಬರಿಗೆ, ಆ ಹುಡುಗಿಯರ ಮನಸ್ಸಿನ ಸ್ಥಿತಿ ಬೇರೆ ಮಕ್ಕಳಿಗೆ ಹೋಲಿಸಿದರೆ ಹೇಗಿದೆ, ಅಳೆದು ಹೇಳಿ ಎಂದಿದ್ದರು. ವಖಾರಿಗೆ ಹೋಗಿ ಮೂಗಿನಲ್ಲಿ ಒಂದು ಸಲ ಉಸಿರೆಳೆದರೆ ಗೊತ್ತಾಗುವುದಕ್ಕೆ ಸಮಿತಿ, ಪ್ರಶ್ನಾವಳಿ, ಪ್ರೊಫೆಸರು!

ಮೊದಲು ಧಾರವಾಡದ ಒಂದು ದೊಡ್ಡ ಶಾಲೆಗೆ ಹೋದೆವು. ವಕೀಲರ ಮಕ್ಕಳು, ಮಾಸ್ತರರ ಮಕ್ಕಳು. ಬೆಳಿಗ್ಗೆ ತುಪ್ಪ ಹಾಕಿದ ಬಿಸಿ ಅನ್ನ ಉಂಡು ಬಂದು, ತಮಗೆ ಬದುಕೇ ಬೇಸರವಾಗಿದೆ ಎಂದು ಬರೆದರು. ಧಾರವಾಡದಲ್ಲಿ ದುಃಖವಿಲ್ಲದವನು ಕವಿಯಾಗಲಾರ, ಕವಿಯಾಗದವನು ಗಂಡಸೇ ಅಲ್ಲ ಎಂದು ಆಗ ಗಟ್ಟಿ ನಂಬಿಕೆ. ಒಬ್ಬ ಹುಡುಗ ಹಾಳೆಯ ಅಂಚಿನಲ್ಲಿ ಎರಡು ಸಾಲು ಪದ್ಯವನ್ನೂ ಬರೆದಿದ್ದ. ಅವನ ನಿಜವಾದ ದುಃಖ ಅಪ್ಪ ಸೈಕಲ್ ಕೊಡಿಸಿಲ್ಲ ಎನ್ನುವುದೆಂದು ಆಮೇಲೆ ಅವನೇ ಹೇಳಿದ.

ಎರಡನೆಯದು ಹಳೇ ಹುಬ್ಬಳ್ಳಿಯ ಶಾಲೆ. ಅಲ್ಲಿ ಹೆಚ್ಚಿನವರು ಮುಸಲ್ಮಾನರ ಮಕ್ಕಳು, ಮೆಕ್ಯಾನಿಕರ, ಅಂಗಡಿಕಾರರ ಮಕ್ಕಳು. ಹಾಳೆ ಹಂಚಿದ ಕೂಡಲೇ ಮುಂದಿನ ಸಾಲಿನ ಹುಡುಗ ಎದ್ದು ನಿಂತ. "ಬಾಯಾರ, ಖರೇ ಉತ್ತರ ಬರೀಬೇಕೋ, ಛಲೋ ಉತ್ತರ ಬರೀಬೇಕೋ?"

ಇಡೀ ಶಾಸ್ತ್ರದ ಹೊಟ್ಟೆಗೆ ಚುಚ್ಚುವ ಪ್ರಶ್ನೆ. ನಾನು ಸಾಹೇಬರ ಮುಖ ನೋಡಿದೆ. "ಎರಡೂ ಒಂದೇ, ಕುಳಿತುಕೋ" ಎಂದರು. ಹುಡುಗ ಕೂತುಕೊಂಡು ಛಲೋ ಉತ್ತರ ಬರೆದ. ಶಾಣ್ಯಾ ಹುಡುಗ!

ಸಂಕ್ರಾಂತಿಯ ಮರುದಿನ ವಖಾರಿಗೆ ಹೋದೆವು. ಬೆಂಗೇರಿಯ ದಾರಿಯಲ್ಲಿತ್ತು ಅದು. ಒಬ್ಬ ಸಾವಕಾರರು ತಮ್ಮ ವಖಾರಿಯ ಅರ್ಧವನ್ನು ಬಡ ಹುಡುಗಿಯರಿಗೆಂದು ಧರ್ಮಕ್ಕೆ ಬಿಟ್ಟುಕೊಟ್ಟಿದ್ದರು. ಇನ್ನರ್ಧದಲ್ಲಿ ಅವರ ಅರಳಿಯೇ ಇರುತ್ತಿತ್ತು. ನಡುವೆ ಒಂದು ತಟ್ಟಿಯ ಗೋಡೆ. ಚಳಿಗಾಲ ಕಳೆದು ಹೊಸ ಅರಳಿ ಬರಲು ಶುರುವಾಯಿತೆಂದರೆ ತಟ್ಟಿಯ ಸಂದಿಯಿಂದ ಸದಾ ಬರುತ್ತಿದ್ದ ಎಳೆ ಇನ್ನೂ ಹೆಚ್ಚಾಗಿ ಹಾರಿ ಬಂದು ಹುಡುಗಿಯರ ಕೂದಲಲ್ಲಿ, ಹಾಸಿಗೆಯಲ್ಲಿ, ಅನ್ನದಲ್ಲಿ ಕೂರುತ್ತಿತ್ತು. ಸಾವಕಾರರ ಹೆಸರನ್ನು ಬಾಗಿಲ ಮೇಲೆ ಕಲ್ಲಿನಲ್ಲಿ ಕೊರೆಸಿದ್ದರು. ಅಕ್ಷರಗಳು ಬಹಳ ದೊಡ್ಡವು.

ಅಡುಗೆಯಿಂದ ಹಿಡಿದು ಹೇನು ತೆಗೆಯುವವರೆಗೆ ಅಲ್ಲಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಗಂಗಕ್ಕ, ನಡುವಯಸ್ಸಿನ ವಿಧವೆ. ಹುಡುಗಿಯರಲ್ಲಿ ನೇಕಾರರ ಮಕ್ಕಳಿದ್ದರು, ಒಕ್ಕಲಿಗರ ಮಕ್ಕಳಿದ್ದರು, ಬುದ್ಧನ ದೀಕ್ಷೆ ತೆಗೆದುಕೊಂಡ ಮನೆಗಳ ಮಕ್ಕಳಿದ್ದರು. ಸುಜಾತಾ ಅಂಥ ಒಂದು ಮನೆಯವಳು. ಅಪ್ಪ ರೈಲ್ವೆ ಹಳಿಯ ಕೆಲಸದವನು. ದೀಕ್ಷೆಯ ದಿನ ಮಗಳ ಹಳೆಯ ಹೆಸರು ತೆಗೆದು ಈ ಹೆಸರಿಟ್ಟಿದ್ದನಂತೆ. ಆ ವರ್ಷ ಅವಳು ಮ್ಯಾಟ್ರಿಕ್ ಪರೀಕ್ಷೆಗೆ ಕೂರಬೇಕಿತ್ತು. ಅವರ ಬಳಗದಲ್ಲಿ ಅಲ್ಲಿಯವರೆಗೆ ಯಾವ ಹೆಣ್ಣೂ ಮ್ಯಾಟ್ರಿಕ್‌ವರೆಗೆ ಬಂದಿರಲಿಲ್ಲ. ತೆಳ್ಳಗಿನ ಹುಡುಗಿ, ಲೆಕ್ಕದಲ್ಲಿ ಬಲು ಚುರುಕು. ಮಾತಿನ ನಡುವೆ ಒಮ್ಮೊಮ್ಮೆ ಮುಖ ಆಚೆ ತಿರುಗಿಸಿ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ನಾಚಿಕೆ ಎಂದುಕೊಂಡೆ.

ಗಂಗಕ್ಕ ನಮ್ಮ ಕೈಗೆ ಕುಸುರೆಳ್ಳು ಹಾಕಿದಳು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣ್ರಿ" ಎಂದಳು. ಆಮೇಲೆ ಹುಡುಗಿಯರನ್ನು ಸಾಲಾಗಿ ಕೂರಿಸಿದಳು. ಸಾಹೇಬರು ಗಂಟಲು ಸರಿಮಾಡಿಕೊಂಡು "ಮಕ್ಕಳೇ, ಹೇಗಿದ್ದೀರಿ?" ಎಂದದ್ದೇ ತಡ, ಅಷ್ಟೂ ಹುಡುಗಿಯರು ಒಂದೇ ಕೊರಳಲ್ಲಿ "ಆರಾಮ ಅದೀವ್ರಿ!" ಎಂದು ಕೂಗಿದರು. ಗೋಡೆಯ ಮೇಲಿನ ಹಲ್ಲಿ ಓಡಿಹೋಯಿತು.

ಅದು ಅಲ್ಲಿಯ ಪದ್ಧತಿ. ಪ್ರತಿ ಅಮಾವಾಸ್ಯೆಗೆ ಸಾವಕಾರರ ಮನೆಯ ಹೆಂಗಸರು, ಅವರ ಬೀಗಿತಿಯರು, ಬೀಗಿತಿಯರ ಗೆಳತಿಯರು ಅಕ್ಕಿ ಬೇಳೆ ತಂದುಕೊಟ್ಟು "ಹೆಂಗದೀರವಾ?" ಎಂದು ಕೇಳುತ್ತಿದ್ದರು. ಹುಡುಗಿಯರು ಆರಾಮ ಎನ್ನಬೇಕು, ಕೈ ಮುಗಿಯಬೇಕು. ಬಂದವರಿಗೆ ಪುಣ್ಯ, ಇವರಿಗೆ ಬೇಳೆ. ಕೋಟು ಹಾಕಿಕೊಂಡ ಸಾಹೇಬರನ್ನೂ, ಹಾಳೆಯ ಕಟ್ಟು ಹಿಡಿದ ನನ್ನನ್ನೂ ಕಂಡ ಹುಡುಗಿಯರು ನಮ್ಮನ್ನು ಹೊಸ ದಾನಿಗಳು ಎಂದೇ ತಿಳಿದರು. ಸುಖವಾಗಿ ನಿದ್ದೆ ಬರುವುದೇ? ಹೌದು. ಊಟ ರುಚಿಸುವುದೇ? ಹೌದು. ನಿನ್ನ ಸ್ವಂತ ಕೋಣೆ ನಿನಗೆ ಇಷ್ಟವೇ? ಹೌದು, ಹೌದು. ಸಮುದ್ರತೀರಕ್ಕೂ ಹೌದು ಎಂದು ಬರೆದವು ಆ ಕೂಸುಗಳು. ಸಮುದ್ರ ಕೊಟ್ಟವರಿಗೂ ಒಂದು ನಮಸ್ಕಾರ ಇರಲಿ ಅಂತ!

ವಾರದಲ್ಲಿ ಫಲಿತಾಂಶ ಬಂತು. ಧಾರವಾಡದ ವಕೀಲರ ಮಕ್ಕಳು ಎಲ್ಲರಿಗಿಂತ ದುಃಖಿಗಳು. ವಖಾರಿಯ ಹುಡುಗಿಯರು ಎಲ್ಲರಿಗಿಂತ ಸುಖಿಗಳು. ಅವರಲ್ಲೂ ಎಲ್ಲರಿಗಿಂತ ಮೇಲೆ ಸುಜಾತಾ. ಸಾಹೇಬರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಂಥ ಫಲಿತಾಂಶ ಅಮೆರಿಕದಲ್ಲೂ ಬಂದಿಲ್ಲವಂತೆ. ಕಡಿಮೆ ಅನುಕೂಲಗಳಲ್ಲಿ ಬೆಳೆದ ಮಕ್ಕಳ ಮನಸ್ಸು ಸಹಜವಾಗಿಯೇ ಸಮತೋಲದಲ್ಲಿರುತ್ತದೆ, ಅವರ ವಾತಾವರಣವನ್ನು ಬದಲಿಸಿದರೆ ಆ ಸಮತೋಲ ಕೆಡಬಹುದು ಎಂದು ಪುಟಗಟ್ಟಲೆ ಇಂಗ್ಲಿಷಿನಲ್ಲಿ ಬರೆದರು. ಬಡವಾ ನೀ ಮಡಗಿದಂಗ ಇರು ಎಂಬ ಗಾದೆಯನ್ನು ಅಷ್ಟು ಉದ್ದಕ್ಕೆ ಎಳೆದವರನ್ನು ನಾನು ಮತ್ತೆ ನೋಡಿಲ್ಲ.

ನನಗೆ ತಡೆಯಲಾಗಲಿಲ್ಲ. ಒಂದು ರವಿವಾರ ಒಬ್ಬಳೇ ಹುಬ್ಬಳ್ಳಿಗೆ ಹೋದೆ. ಹುಡುಗಿಯರು ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದರು. ನಾನೂ ಸೀರೆ ಎತ್ತಿ ಕಟ್ಟಿಕೊಂಡು ನೀರು ಸೇದಿಕೊಡುತ್ತ ಕೂತೆ. ಹಾಳೆ ಇಲ್ಲ, ಪೆನ್ನಿಲ್ಲ. ನೇಕಾರರ ಹುಡುಗಿ ಶಾಂತಾಳನ್ನು, ನಿನಗೆ ಇಲ್ಲಿ ಏನಾದರೂ ತ್ರಾಸ ಇದೆಯೇ ಎಂದು ಕೇಳಿದೆ.

"ನಂದೇನಿಲ್ರಿ ಬಾಯಾರ, ನಾ ಆರಾಮ ಅದೇನಿ" ಎಂದಳು. ಸ್ವಲ್ಪ ಹೊತ್ತು ಬಟ್ಟೆ ಕುಕ್ಕಿ, ದನಿ ತಗ್ಗಿಸಿದಳು. "ಸುಜಾತಾಂದು ನೋಡಾಕ ಆಗೂದಿಲ್ರಿ. ಅರಳಿ ಎಳಿ ಮೂಗಿನ್ಯಾಗ ಹೋತಂದ್ರ ಉಸಿರು ಸಿಗೂದಿಲ್ಲ ಆಕಿಗೆ. ಎದ್ದು ಕುಂತು ಬೆಳಕು ಹರಿಸ್ತಾಳ. ಹಂಗ ಕುಂತು ಏನ್ ಓದ್ತಾಳ್ರಿ?"

ಆಗ ನನಗೆ ದಾರಿ ಸಿಕ್ಕಿತು. ತನ್ನ ಕಷ್ಟ ತಾನು ಹೇಳಿಕೊಳ್ಳುವುದು ಅಲ್ಲಿ ಕೃತಘ್ನತೆ. ಗೆಳತಿಯ ಕಷ್ಟ ಹೇಳುವುದು ಮಾತ್ರ ಅಂತಃಕರಣ. ಹಾಗಾಗಿ ಯಾರನ್ನೂ ಅವರ ಬಗ್ಗೆ ಕೇಳಲಿಲ್ಲ, ಪಕ್ಕದವಳ ಬಗ್ಗೆ ಕೇಳಿದೆ. ಬಾವಿಕಟ್ಟೆಯ ಮೇಲೆ ಕಟ್ಟೆ ಒಡೆಯಿತು. ಇವಳಿಗೆ ತಲೆನೋವು, ಅವಳಿಗೆ ಮನೆಯ ನೆನಪಾಗಿ ಉಣ್ಣಲಾಗದು, ಇನ್ನೊಬ್ಬಳು ತಟ್ಟಿಯ ಆಚೆಯ ಹಮಾಲರ ದನಿಗೆ ಹೆದರಿ ಸ್ನಾನಕ್ಕೇ ಹೋಗಳು. ಸುಜಾತಾಳನ್ನು ಕೇಳಿದರೆ ತನ್ನ ಕೆಮ್ಮಿನ ಸುದ್ದಿಯೇ ಇಲ್ಲ, ಶಾಂತಾಳ ಕಣ್ಣು ಕೆಂಪಗಾಗುವುದರ ಬಗ್ಗೆ ಹೇಳಿದಳು. ನನ್ನ ಎರಡು ವರ್ಷದ ಮನಶ್ಶಾಸ್ತ್ರದಲ್ಲಿ ನಾನು ಕಲಿತ ಒಂದೇ ಪಾಠ ಇದು. ಅದನ್ನು ಒಗೆಯುವ ಕಲ್ಲಿನ ಹತ್ತಿರ ಕೂತು ಕಲಿತೆ.

ಮರುದಿನವೇ ಸಾಹೇಬರಿಗೆ ಹೇಳಿದೆ. ಅವರು ಆರಿದ ಪೈಪನ್ನು ಬಾಯಲ್ಲಿಟ್ಟುಕೊಂಡು ಕೇಳಿದರು.

"ಮಿಸ್ ವತ್ಸಲಾ, ತನ್ನ ಮನಸ್ಸಿನ ಬಗ್ಗೆ ತಾನೇ ಹೇಳುವುದು ಪ್ರಮಾಣ. ಇನ್ನೊಬ್ಬರ ಬಗ್ಗೆ ಹೇಳುವುದು ಚಾಡಿ."

"ಆದರ ಖರೇ ಇರೂದು ಅದನ ರೀ ಸರ್. ಆ ಹುಡುಗಿಗೆ ಉಸಿರು ಸಿಗೂದಿಲ್ಲ. ಪರೀಕ್ಷಾ ಹತ್ತರ ಬಂದದ."

"ಉಸಿರು ನಮ್ಮ ವಿಷಯವಲ್ಲ. ಅದಕ್ಕೆ ವೈದ್ಯರಿದ್ದಾರೆ. ನಾವು ಅಳೆದದ್ದು ಮನಸ್ಸನ್ನು."

ಹೀಗೆಂದು ಹೇಳಿ ಆ ಮಹಾಶಯರು ಕೋಟಿನ ಗುಂಡಿ ಹಾಕಿಕೊಂಡರು. ಉಸಿರು ಇಲ್ಲದ ಮನಸ್ಸು ಎಲ್ಲಿರುತ್ತದೆ, ಇವರ ಪೈಪಿನಲ್ಲೇ? ಎಂದು ನಾಲಿಗೆಯ ತುದಿಗೆ ಬಂದಿತ್ತು. ಕೆಲಸ ಬೇಕಾಗಿತ್ತು, ನುಂಗಿಕೊಂಡೆ.

ಗಂಗಕ್ಕನ ಹತ್ತಿರ ಹೋಗಿ ಅಂಗಲಾಚಿದೆ. ಸಮಿತಿಯವರು ಕಣ್ಣಾರೆ ನೋಡಲು ಬರುವವರಿದ್ದಾರೆ, ಆ ದಿನವಾದರೂ ಹುಡುಗಿಯರಿಗೆ ಇದ್ದದ್ದು ಹೇಳಲು ಬಿಡು ಎಂದೆ. ಗಂಗಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಸಾವಕಾರರ ಸೂರಿನ ಕೆಳಗ ಇದ್ದು ಅವರ ಮಾರಿ ಮ್ಯಾಲೆ ಹಂಗ ಅನ್ನಾಕ ಬರ್ತದೇನ್ರಿ ಬಾಯಾರ? ಉಂಡ ಮನಿಗೆ ಎರಡು ಬಗೀಬಾರದು. ನಾಳೆ ಅವರು ಹೊರಗ ನಡೀರಿ ಅಂದ್ರ ಇಷ್ಟು ಹುಡುಗ್ಯಾರನ ಎಲ್ಲಿ ಕರಕೊಂಡು ಹೋಗಲಿ? ನಿಮ್ಮ ಸರ್ಕಾರ ಬಂಗಲೆ ಕೊಡ್ತದ ಅಂತ ನೀವು ಆಣಿ ಮಾಡಿ ಹೇಳ್ತೀರೇನು?"

ನಾನು ಆಣೆ ಮಾಡುವುದು ಹೇಗೆ? ಅವಳ ಮೇಲೆ ಆಗ ಸಿಟ್ಟು ಬಂದಿತ್ತು. ಈಗ ಬರುವುದಿಲ್ಲ. ಅವಳೊಬ್ಬಳೇ ಅಲ್ಲಿ ನಾಳೆಯ ಅನ್ನದ ಚಿಂತೆ ಹೊತ್ತಿದ್ದವಳು. ಉಳಿದವರದೆಲ್ಲ ಕೀರ್ತಿಯ ಚಿಂತೆ.

ಶಿವರಾತ್ರಿಯ ಹೊತ್ತಿಗೆ ಹೊಸ ಅರಳಿ ಬಂತು. ಚಕ್ಕಡಿಗಳು ಸಾಲುಗಟ್ಟಿ ನಿಂತವು. ಹಮಾಲರು ಅರಳಿಯ ಅಂಡಿಗೆಗಳನ್ನು, ಆ ದೊಡ್ಡ ಮೂಟೆಗಳನ್ನು, ಇಳಿಸುವಾಗ ಇಡೀ ಓಣಿ ಬೆಳ್ಳಗಾಗುತ್ತಿತ್ತು. ಸರಿಯಾಗಿ ಆ ವಾರವೇ ಸಮಿತಿ ಬಂತು. ಬರುವುದಕ್ಕೆ ಮುಂಚೆ ಸಾವಕಾರರು ಜಾಣತನದಿಂದ ಚಕ್ಕಡಿಗಳನ್ನು ತಡೆದು, ನೆಲಕ್ಕೆ ನೀರು ಹೊಡೆಸಿ, ಗೋಡೆಗೆ ಸುಣ್ಣ ಬಳಿಸಿದ್ದರು. ಅಧ್ಯಕ್ಷರು ಖಾದಿ ಟೊಪ್ಪಿಗೆಯ ದಪ್ಪ ಮನುಷ್ಯ. ಬಾಗಿಲಲ್ಲೇ ಹಾರ ಹಾಕಿಸಿಕೊಂಡು, ಒಳಗೆ ಬಂದು, ಸಾಹೇಬರ ವರದಿಯನ್ನು ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಂಡರು. ಆ ವರದಿ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

"ಎಲ್ಲಾರಕಿಂತ ಸುಖಿ ಅಂತ ಬಂದಾಳಂತಲ್ಲ, ಆ ಹುಡುಗಿ ಯಾರು?" ಎಂದರು.

ಸುಜಾತಾ ಎದ್ದು ನಿಂತಳು. ಮುಖ ಸುಣ್ಣದ ಗೋಡೆಯಷ್ಟೇ ಬೆಳ್ಳಗಿತ್ತು.

"ಹೆಂಗದೀಯವಾ? ಇಲ್ಲಿ ಏನರ ಕೊರತಿ ಅದ ಏನು? ಅಂಜಬ್ಯಾಡ, ಹೇಳು."

ಅಂಜಬೇಡ ಎಂದವರ ಪಕ್ಕದಲ್ಲೇ ಸಾವಕಾರರು ನಗುತ್ತ ನಿಂತಿದ್ದರು. ಹಿಂದೆ ಗಂಗಕ್ಕ ಕೈಕಟ್ಟಿ ನಿಂತಿದ್ದಳು. ಸುಜಾತಾ ಅವಳ ಕಡೆ ಒಮ್ಮೆ ನೋಡಿದಳು. ಹೇಳೇ, ಹೇಳೇ ಎಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಒಂದು ಮಾತು ಹೇಳಿದರೆ ಸಾಕಿತ್ತು, ಬಂಗಲೆಯ ಕೀಲಿ ಅಧ್ಯಕ್ಷರ ಕಿಸೆಯಲ್ಲೇ ಇತ್ತು.

"ಆರಾಮ ಅದೇನ್ರಿ" ಎಂದಳು.

"ಸುಳ್ಳು ಹೇಳ್ಲಿಕ್ಕತ್ತಾಳ್ರಿ! ಆಕಿಗೆ ಉಸಿರಿನ ತ್ರಾಸ ಅದ. ಈ ಅರಳಿ ಒಳಗ ಮಲಗಿದ್ರ ಪರೀಕ್ಷಾಕ್ಕ ಕೂಡೂದು ಆಗೂದಿಲ್ರಿ" ಎಂದು ಕೂಗಿಬಿಟ್ಟೆ.

ಎಲ್ಲರೂ ನನ್ನ ಕಡೆ ತಿರುಗಿದರು. ಸಾಹೇಬರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಅಧ್ಯಕ್ಷರು ಮಾತ್ರ ಹೊಟ್ಟೆ ಕುಣಿಸಿ ನಕ್ಕರು. "ಬಾಯಾರ, ಕೂಸು ತಾನ ಬಾಯಿಬಿಟ್ಟು ಆರಾಮ ಅದೇನಿ ಅನ್ನಾಕತ್ತೇತಿ. ನಿಮ್ಮ ಪ್ರೊಫೆಸರೂ ಹಂಗ ಬರದಾರ. ನೀವ್ಯಾಕ ಇಲ್ಲದ್ದು ಹುಟ್ಟಿಸ್ತೀರಿ?"

ಸುಜಾತಾ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕೆಮ್ಮನ್ನು ನುಂಗಿಕೊಂಡು, ಅವರ ಮೋಟಾರು ಓಣಿ ದಾಟುವವರೆಗೆ ನಿಂತಿದ್ದಳು. ಆಮೇಲೆ ಕುಸಿದು ಕೂತಳು. ಗಂಗಕ್ಕ ಓಡಿ ಬಂದು ಬೆನ್ನು ತಿಕ್ಕುತ್ತ, "ನನ್ನ ಮಾತ ನಿನ್ನ ತಿಂತಲ್ಲ, ತಂಗೀ" ಎಂದು ಅತ್ತಳು. ಹೊರಗೆ ತಡೆದಿದ್ದ ಚಕ್ಕಡಿಗಳು ಒಂದೊಂದಾಗಿ ಒಳಗೆ ಬಂದವು.

ಬಂಗಲೆ ಬರಲಿಲ್ಲ. ಅದರಲ್ಲಿ ಆಮೇಲೆ ಯಾವುದೋ ಇಲಾಖೆಯ ಕಚೇರಿ ಕೂತಿತು. ನಾನು ಕೆಲಸ ಬಿಟ್ಟೆ. ಬಿಡದಿದ್ದರೆ ಅವರೇ ಬಿಡಿಸುತ್ತಿದ್ದರು. ಸಾಹೇಬರು ದಿಲ್ಲಿಯ ಸಮ್ಮೇಳನಕ್ಕೆ ಹೋಗಿ ವಖಾರಿಯ ಹುಡುಗಿಯರ ಸುಖದ ಮೇಲೆ ಭಾಷಣ ಮಾಡಿ ಶಾಲು ಹೊದಿಸಿಕೊಂಡು ಬಂದರು. ಕೋಟಿನ ಮೇಲೆ ಶಾಲು. ಥೂ!

ಆಸ್ಪತ್ರೆಯ ಡಾಕ್ಟರು ಸುಜಾತಾಳನ್ನು ನೋಡಿ, ಇನ್ನು ಆ ವಖಾರಿಯಲ್ಲಿ ಮಲಗಿಸಿದರೆ ನಾನು ಜವಾಬ್ದಾರನಲ್ಲ ಎಂದರು. ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಹುಬ್ಬಳ್ಳಿಯಲ್ಲಿ ಅವಳಿಗೆ ಬೇರೆ ಯಾರೂ ಇರಲಿಲ್ಲ. ಊರಿಗೆ ಹೋದರೆ ಪರೀಕ್ಷೆ ಹೋದಂತೆಯೇ. ನಾನು ಮನೆಯಲ್ಲಿ ಎರಡು ದಿನ ಊಟ ಬಿಟ್ಟು ಹಟ ಹಿಡಿದು ಅವ್ವನನ್ನು ಒಪ್ಪಿಸಿದೆ. ಅವ್ವ ಕೊನೆಗೆ, "ಪಡಸಾಲ್ಯಾಗ ಇರಲಿ. ತಾಟು ಬ್ಯಾರೆ ಇಡೂಣ, ಊಟಾ ಅಲ್ಲೇ ಹಾಕೂಣ. ಒಳಗ ಬರೂದು ಮಾತ್ರ ಬ್ಯಾಡ. ಗರೀಬ ಹುಡುಗಿ, ಏನೂ ಅನ್ನೂದಿಲ್ಲ" ಎಂದಳು. ದೊಡ್ಡ ಕೋಟೆ ಗೆದ್ದೆನೆಂದು ಮರುದಿನ ಬೆಳಿಗ್ಗೆ ಹುಬ್ಬಳ್ಳಿಗೆ ಓಡಿದೆ.

ವಖಾರಿಯಲ್ಲಿ ಅವಳಿರಲಿಲ್ಲ. ಅಪ್ಪ ಬಂದು ಸ್ಟೇಷನ್ನಿಗೆ ಕರೆದುಕೊಂಡು ಹೋಗಿದ್ದ. ಟಾಂಗಾ ಹಿಡಿದು ಹೋದೆ. ಇಬ್ಬರೂ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಟ್ರಂಕಿನ ಮೇಲೆ ಕೂತಿದ್ದರು. ಅಪ್ಪ ಖಾಕಿ ಅಂಗಿಯ ಸಣಕಲು ಮನುಷ್ಯ, ನನ್ನನ್ನು ಕಂಡು ಎದ್ದು ನಿಂತ.

"ಸುಜಾತಾ, ನಮ್ಮ ಮನಿಗೆ ನಡಿ. ಪರೀಕ್ಷಾ ಮುಗಿಯೂತನಕ ಅಲ್ಲೇ ಇರು. ಅಲ್ಲಿಂದನ ಪರೀಕ್ಷಾಕ್ಕ ಕರಕೊಂಡು ಬರ್ತೇನಿ" ಎಂದೆ.

ಅಪ್ಪನ ಮುಖ ಅರಳಿತು. ಸುಜಾತಾ ನನ್ನನ್ನೇ ನೋಡಿದಳು. "ನಾ ಎಲ್ಲಿ ಮಲಗೂದ್ರಿ?"

"ಪಡಸಾಲ್ಯಾಗ."

"ಊಟಾ?"

"ಅಲ್ಲೇ... ನಾ ತಂದು ಕೊಡ್ತೇನಿ."

ಅವಳಿಗೆ ಕೆಮ್ಮು ಬಂತು. ಈ ಸಲ ಮುಖ ತಿರುಗಿಸಲಿಲ್ಲ, ಸೆರಗನ್ನೂ ಒತ್ತಿಕೊಳ್ಳಲಿಲ್ಲ. ನನ್ನ ಮುಖಕ್ಕೆ ಎದುರಾಗಿಯೇ ಪೂರಾ ಕೆಮ್ಮಿ ಮುಗಿಸಿದಳು.

"ನಿಮ್ಮ ಅವ್ವಾರು ದಿನಾ ಮುಂಜಾನೆ ಹೆಂಗದೀ ಅಂತ ಕೇಳ್ತಾರ. ನಾ ಆರಾಮ ಅದೇನಿ ಅನ್ನಬೇಕಾಗ್ತದ. ಬ್ಯಾಡ್ರಿ ಬಾಯಾರ, ನನಗ ಸಾಕಾಗೇತಿ."

ಅಪ್ಪ ಗಾಬರಿಯಾದ. "ದೊಡ್ಡವರಿಗೆ ಹಂಗ ಅನಬಾರದವಾ" ಎಂದು ಮಗಳನ್ನು ಗದರಿದ. ನನ್ನ ಕಡೆ ತಿರುಗಿ ಎರಡೂ ಕೈ ಮುಗಿದ. "ಸಣ್ಣದ್ರಿ, ತಿಳಿಯೂದಿಲ್ಲ. ಮನಸಿಗೆ ಹಚ್ಚಿಕೋಬ್ಯಾಡ್ರಿ. ನಮಗೇನೂ ಕಮ್ಮಿ ಇಲ್ರಿ, ನಾವು ಆರಾಮ ಅದೀವ್ರಿ."

ಗಾಡಿ ಬಂದು ನಿಂತಿತು. ಸುಜಾತಾ ಅಪ್ಪನ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

"ಇಲ್ಲಪ್ಪಾ" ಎಂದಳು, ಪ್ಲಾಟ್‌ಫಾರ್ಮಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಆರಾಮ ಇಲ್ಲ ನಾವು."